ಬೋರಲು ಹಾಕಿದ ತೆಪ್ಪ

ಹೊಸಪೇಟೆಯ ಡ್ಯಾಮಿನಲ್ಲಿ ಗೇಟು ಎತ್ತಿದರೆ ಹಂಪಿಯಲ್ಲಿ ಹೊಳೆ ಏರುತ್ತದೆ. ಹಂಪಿಯಲ್ಲಿ ಮಳೆ ಬರಲಿ, ಬಿಡಲಿ, ಏರುತ್ತದೆ. ಇದನ್ನು ತಿಳಿಯಲು ಪುಸ್ತಕ ಓದಬೇಕಿಲ್ಲ. ಆದರೂ ಪ್ರತಿ ಮಳೆಗಾಲದಲ್ಲಿ ಯಾರೋ ಒಬ್ಬರು ಹೊಳೆ ನಡುವಿನ ಬಂಡೆಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿರುತ್ತಾರೆ, ನೀರಿಗೂ ತಮಗೂ ಹಳೆಯ ಪರಿಚಯ ಎನ್ನುವಂತೆ.

ದುರ್ಗಕ್ಕನಿಗೆ ಆ ಪರಿಚಯ ನಿಜವಾಗಿಯೂ ಇದೆ. ಅದಕ್ಕೇ ಆಕೆ ಹೊಳೆಗೆ ಅಂಜುತ್ತಾಳೆ. ಕಂಪ್ಲಿ ಕೋಟೆಯಲ್ಲಿ ತೆಪ್ಪ ಹೆಣೆಯುವವರ ಮನೆಯ ಮಗಳು. ಬಿದಿರು ಸೀಳುವುದು, ದೊಡ್ಡ ಬುಟ್ಟಿಯಂತೆ ದುಂಡಗೆ ಹೆಣೆಯುವುದು, ಹೊರಗೆ ಪ್ಲಾಸ್ಟಿಕ್ ಚೀಲ ಹೊದಿಸಿ ಡಾಂಬರು ಬಳಿಯುವುದು, ಎಲ್ಲ ಅಪ್ಪ ಕಲಿಸಿದ. ಈಜು ಮಾತ್ರ ಕಲಿಸಲಿಲ್ಲ. ಹುಡುಗಿಗೆ ಯಾಕೆ ಅಂದ. ಮದುವೆಯಾಗಿ ಹಂಪಿ ಕಡೆ ಬಂದಳು. ಗಂಡ ಕಾಮಾಲೆಯಲ್ಲಿ ತೀರಿಕೊಂಡ ಮೇಲೆ ತಾನೇ ಹುಟ್ಟು ಹಾಕಲು ಹೋದರೆ ದಡದ ಗಂಡಸರು ನಕ್ಕರು: "ಹೆಣ್ಮಗಳು ತೆಪ್ಪ ತಿರುಗಿಸಿದ್ರ ಟೂರಿಸ್ಟ್ ಮಂದಿ ಹತ್ತತಾರೇನು?" ಹೀಗೆ ಅವರ ತೆಪ್ಪಗಳಿಗೆ ಡಾಂಬರು ಬಳಿಯುವುದೇ ಬದುಕಾಯಿತು. ಅಂಗೈ ಕಪ್ಪಾಯಿತು, ಹೊಳೆಯ ಭಯ ಹಾಗೇ ಉಳಿಯಿತು.

ಕಳೆದ ಆಷಾಢದ ಒಂದು ಮಧ್ಯಾಹ್ನ ಸುಕನ್ಯಾ ಬಂದಳು. ತುಮಕೂರಿನಲ್ಲಿ ಪಾಠ ಹೇಳುವವಳು, ರಜೆ ಸಿಕ್ಕರೆ ಒಬ್ಬಳೇ ಊರು ಸುತ್ತುವವಳು. ಬೆನ್ನಿಗೆ ಮಡಚಿದ ದಪ್ಪ ಹಾಸಿಗೆ. ಹಂಪಿಯಲ್ಲಿ ಈಗ ಇದೂ ಒಂದು ಹುಚ್ಚು: ಹಾಸಿಗೆ ಹೊತ್ತು ಬರುತ್ತಾರೆ, ಬಂಡೆಯ ಬುಡದಲ್ಲಿ ಹಾಸುತ್ತಾರೆ, ಹಗ್ಗವಿಲ್ಲದೆ ಹಲ್ಲಿಯಂತೆ ಹತ್ತುತ್ತಾರೆ.

"ಏನವ್ವ, ಹಾಸಿಗಿ ಹೊತ್ಕೊಂಡು ಬಂದೀದಿ, ಮನ್ಯಾಗ ನಿದ್ದಿ ಬರಲಿಲ್ಲೇನು?" ದುರ್ಗಕ್ಕ ಕೇಳಿದಳು.

"ಬಂಡೆಯಿಂದ ಬಿದ್ರೆ ಇದರ ಮೇಲೆ ಬೀಳ್ತೀವಿ ಅಕ್ಕಾ."

"ಅಯ್ಯ! ಬೀಳಾಕ ತಯಾರಿ ಮಾಡ್ಕೊಂಡು ಹತ್ತೋರು ಅಂದ್ರ ನಿಮ್ಮನ್ನ ನೋಡಿದೆ ನೋಡು. ಮಳಿ ಮಾಡ ಇಳಿದೈತಿ, ಹೊಳಿ ಕಡೆ ಹೋಗಬ್ಯಾಡ."

"ಇಲ್ಲೇ ಇರ್ತೀನಿ ಬಿಡಿ," ಎಂದು ನಗುತ್ತಾ ದಡದ ಗುಂಟ ಹೋದಳು.

ಸ್ವಲ್ಪ ಹೊತ್ತಿಗೆ ಮಳೆ ಸುರಿಯಿತು, ಅದರ ಬೆನ್ನಿಗೇ ಮೈಕಿನ ಆಟೊ ಬಂತು. ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ, ಹೊಳೆಗೆ ಯಾರೂ ಇಳಿಯಬೇಡಿ. ದುರ್ಗಕ್ಕನ ಮೈದುನ ರಾಯಣ್ಣ ಓಡಿಬಂದು ಸಣ್ಣ ತೆಪ್ಪಗಳನ್ನು ಮೇಲಕ್ಕೆ ಎಳೆದ. ದೊಡ್ಡದು ಅಲುಗಲಿಲ್ಲ. ಡಾಂಬರು ಒಣಗಲೆಂದು ಅದನ್ನು ಬೋರಲು ಹಾಕಿ, ಒಂದು ಪಕ್ಕಕ್ಕೆ ಮರದ ಗೂಟ ಊರಿ ಎತ್ತಿ ನಿಲ್ಲಿಸಿದ್ದರು. ರಾಯಣ್ಣ ಗೂಟ ಒದ್ದು ಕೆಡವಿದ, ನೀರು ಒಯ್ಯಬಾರದೆಂದು ಮೇಲೆ ಗುಂಡುಕಲ್ಲುಗಳನ್ನು ಹೇರಿದ, ಹಗ್ಗದಿಂದ ಬಂಡೆಗೆ ಬಿಗಿದ. ಪ್ರತಿ ವರ್ಷ ಮಾಡುವ ಕೆಲಸ. ಬೋರಲು ಬಿದ್ದ ತೆಪ್ಪವೆಂದರೆ ಹೊಳೆ ಮುಚ್ಚಿದೆ ಎಂದರ್ಥ. ಅದನ್ನು ಕಂಡರೆ ಈ ಕಡೆಯವರು ಎಮ್ಮೆಯನ್ನೂ ನೀರಿಗೆ ಬಿಡುವುದಿಲ್ಲ. ಅದರ ಹತ್ತಿರ ಮನುಷ್ಯರು ಸುಳಿಯುತ್ತಾರೆಂಬ ಯೋಚನೆಯೇ ಇಲ್ಲಿ ಯಾರಿಗೂ ಬರುವುದಿಲ್ಲ.

ಇಬ್ಬರೂ ಮೇಲಿನ ಮಂಟಪಕ್ಕೆ ಬಂದು ಸೆರಗು, ಟವೆಲು ಹಿಂಡುತ್ತಿದ್ದರು. ಕೆಂಪು ನೀರಿನ ಮೇಲೆ ಹಾಸಿಗೆ ತೇಲುತ್ತಾ ಹೋಯಿತು.

ದುರ್ಗಕ್ಕ ಮಂಟಪದ ಅಂಚಿಗೆ ಓಡಿದಳು. "ರಾಯಣ್ಣ, ಆ ಹುಡುಗಿ!"

ರಾಯಣ್ಣ ನೋಡಿದ. ಆಮೇಲೆ ಬೇರೆ ಕಡೆ ನೋಡಿದ. "ನಾವು ನೋಡಿಲ್ಲ ಅನ್ನು. ನಡಿ ಮನಿಗೆ."

"ಏನಂದಿ?"

"ಹೋದ್ವರ್ಷ ನಮ್ಮ ತೆಪ್ಪದ ಮೌನೇಶ ಹೊಳ್ಯಾಗಿಂದ ಒಂದು ಹೆಣ ಎತ್ತಿದ. ಏನಾತು ಅವಂಗ? 'ನೀನ ಹತ್ತಿಸ್ಕೊಂಡು ಹೋಗಿ ಮುಳುಗಿಸಿದಿ' ಅಂದ್ರು. ಇನ್ನೂ ಠಾಣಿ, ಕೋರ್ಟು ಅಂತ ತಿರುಗಾಕತ್ಯಾನ. ನಂಗ ಹೆದ್ರಿಕಿ ಆಗತೈತಿ ವೈನಿ. ನಡಿ."

"ನಂಗ ಹೆದ್ರಿಕಿ ಇಲ್ಲೇನಲೇ? ನಂಗ ಈಜು ಸೈತ ಬರಂಗಿಲ್ಲ. ಆದ್ರ ಅಕಿ ಜೋಡಿ ಈಗಷ್ಟ ಮಾತಾಡೀನಿ. ದೊಡ್ಡ ತೆಪ್ಪ ಬಿಚ್ಚು."

"ಈ ನೀರಾಗ? ಹುಚ್ಚಿ ಆದೇನು?"

ಆಕೆ ಆಗಲೇ ಇಳಿಯುತ್ತಿದ್ದಳು. ಬೈಯುತ್ತಾ ರಾಯಣ್ಣ ಹಿಂದೆ ಬಂದ. ತೆಪ್ಪದ ಸುತ್ತ ಮೊಣಕಾಲುದ್ದ ನೀರು ನಿಂತಿತ್ತು. ಜೀವಮಾನದಲ್ಲಿ ದುರ್ಗಕ್ಕ ಅಷ್ಟು ಆಳಕ್ಕೆ ಇಳಿದವಳಲ್ಲ. ಹುಲಿಗೆಮ್ಮ ದೇವಿಯ ಹೆಸರನ್ನೂ ಪೂರ್ತಿ ಹೇಳಲಾಗಲಿಲ್ಲ. ಮೊದಲ ಕಲ್ಲು ಉರುಳಿಸಿದಳು. ಎರಡನೆಯದಕ್ಕೆ ಕೈ ಹಾಕಿದಾಗ ಅಂಗೈ ಕೆಳಗೆ ಏನೋ ಅದುರಿತು. ಮಳೆಯ ಬಡಿತ ಮೇಲಿಂದ. ಇದು ಒಳಗಿನಿಂದ.

"ರಾಯಣ್ಣ... ಒಳಗ ಜೀವ ಐತಿ."

ಆ ಕಲ್ಲುಗಳನ್ನು ಹೇರಿದ ಕೈ ರಾಯಣ್ಣನದೇ. ಅವುಗಳನ್ನು ಹೇಗೆ ಎಸೆದ, ಹಗ್ಗ ಹೇಗೆ ಕೊಯ್ದ, ಅವನಿಗೇ ಗೊತ್ತಿಲ್ಲ. ಕೆಸರು ಅಂಚನ್ನು ಕಚ್ಚಿ ಹಿಡಿದಿತ್ತು. ಇಬ್ಬರೂ ಭುಜ ಕೊಟ್ಟು ಎತ್ತಿದರು, ಜಾರಿತು, ಮತ್ತೆ ಎತ್ತಿದರು. ಹೊಳೆ ಸೊಂಟಕ್ಕೆ ಬಂದಾಗ ತೆಪ್ಪ ಒಂದು ಮೊಳ ಮೇಲೆದ್ದಿತು. ದುರ್ಗಕ್ಕ ಕಣ್ಣು ಮುಚ್ಚಿ ಒಳಗೆ ತೋಳು ಚಾಚಿದಳು. ಬಟ್ಟೆ ಸಿಕ್ಕಿತು, ಆಮೇಲೆ ಕೂದಲು. ಹಿಡಿದು ಎಳೆದಳು.

ಮಳೆ ಬಂತೆಂದು ಸುಕನ್ಯಾ ಹಾಸಿಗೆಯನ್ನು ಬಂಡೆಯ ಆಚೆ ಬದಿಗೆ ಒರಗಿಸಿ ತೆಪ್ಪದಡಿ ಸೇರಿದ್ದಳು. ಬೇರೆ ಊರಿನವರ ಕಣ್ಣಿಗೆ ಅದು ಒಳ್ಳೆಯ ಕೊಡೆ. ಡಾಂಬರಿನ ಮೇಲೆ ಬೀಳುವ ಮಳೆಯ ಸದ್ದಿಗೆ ಮೈಕು ಕೇಳಲಿಲ್ಲ. ಗೂಟ ಬಿದ್ದು ಕತ್ತಲಾದಾಗ ಕೂಗಿದಳಂತೆ; ಅದು ಹೊರಗೆ ಕೇಳಲಿಲ್ಲ. ನೀರು ಕುತ್ತಿಗೆಗೆ ಬಂದಿತ್ತು. ಹೆಣಿಗೆಯನ್ನು ಕೆರೆದು ಕೆರೆದು ಉಗುರು ಕಿತ್ತುಹೋಗಿದ್ದವು.

ಮಂಟಪದಲ್ಲಿ ರಾಯಣ್ಣ ಅವಳ ಮುಂದೆ ಕೈ ಮುಗಿದು ಕೂತ. "ತಂಗೀ, ಯಾರ ಮುಂದೂ ಹೇಳಬ್ಯಾಡವ್ವ. ಬೇಕಂತ ಮಾಡಿದ್ದಲ್ಲ."

ದುರ್ಗಕ್ಕ ಸುಕನ್ಯಾಳ ತಲೆ ಒರೆಸುತ್ತಾ, "ಹೇಳಿದ್ರ ಹೇಳಲಿ ಬಿಡೋ. ಹೇಳಾಕ ಅಕಿ ಬಾಯಿ ಉಳಿದೈತಲ್ಲ," ಅಂದಳು.

ರಾಯಣ್ಣ ಕಟುಕನಲ್ಲ. ಆದರೆ ಅವನ ಮಾತು ಕೇಳಿ ಅತ್ತಿಗೆ ಮನೆಗೆ ನಡೆದಿದ್ದರೆ, ಇವರದೇ ತೆಪ್ಪದ ಕೆಳಗೆ ಒಂದು ಜೀವ ಹೋಗುತ್ತಿತ್ತು. 'ನೋಡಿಲ್ಲ' ಎನ್ನುವ ವಿದ್ಯೆ ಅವನಿಗೆ ಹುಟ್ಟಿನಿಂದ ಬಂದದ್ದಲ್ಲ. ಮೌನೇಶ ಆ ಹೆಣ ಎತ್ತಿದ ದಿನ ಬಂಡೆಗಳ ಮೇಲೆ ಜನ ಜಾತ್ರೆಯಂತೆ ನಿಂತಿದ್ದರು. ಕೈಗೊಂದು ಫೋನು. ವಿಡಿಯೊ ಊರೂರು ತಿರುಗಿತು. ಅವನು ಮುಳುಗಿಸಲಿಲ್ಲ, ಎತ್ತಿದ ಎಂದು ಹೇಳಲು ಒಂದು ನರಪಿಳ್ಳೆಯೂ ಬರಲಿಲ್ಲ. ಎಲ್ಲರಿಗೂ ಬಸ್ಸಿಗೆ ಹೊತ್ತಾಗಿತ್ತು. ರಾಯಣ್ಣನಿಗೆ ಪಾಠ ಹೇಳಿದ್ದು ಹೊಳೆಯಲ್ಲ, ನಾವು.

ದುರ್ಗಕ್ಕನಿಗೆ ಈಗ ಮಳೆಯ ಸದ್ದು ಕೇಳಿದರೆ ಅಂಗೈ ಕೆಳಗೆ ಮತ್ತೆ ಏನೋ ಅದುರಿದಂತಾಗುತ್ತದೆ. ಇನ್ನೊಮ್ಮೆ ಹಾಗಾದರೆ ಇಳಿಯುವ ಧೈರ್ಯ ಇರುತ್ತದೋ ಇಲ್ಲವೋ ಎಂದು ಆಕೆಯೇ ಹೇಳುತ್ತಾಳೆ.

ಆ ಧೈರ್ಯಕ್ಕೆ ಜೊತೆಯಾಗುವ ಕೆಲಸ ನಿಮ್ಮದು. ಯಾವ ಊರಿನ ಯಾವ ನೀರಿನಿಂದಲೇ ಆಗಲಿ, ಒಬ್ಬರನ್ನು ಇನ್ನೊಬ್ಬರು ಎತ್ತುವುದನ್ನು ಕಂಡರೆ ಫೋನು ಜೇಬಿಗಿಡಿ. ಎತ್ತಿದವರ ಜೊತೆ ಠಾಣೆಯವರೆಗೆ ನಡೆಯಿರಿ. ನಿಮ್ಮ ಹೆಸರು, ನಿಮ್ಮ ವಿಳಾಸ ಕೊಟ್ಟು, ಕಂಡದ್ದನ್ನು ಹೇಳಿ. ಬಸ್ಸು ತಪ್ಪಿದರೆ ತಪ್ಪಲಿ.