ಕೆಲಸ ಹೇಳಿದ ಬೀಗಿತ್ತಿ

ಮಂಡ್ಯದ ಶಾಲೆಯಲ್ಲಿ ಟೀಚರಾಗಿರುವ ಮಗಳು ಮೊನ್ನೆ ಕೆಲಸ ಮುಗಿಸಿಕೊಂಡು ಬರುವಾಗ ಅವರೆಕಾಳು ತಂದಳು. ಕಾಯಿ ಅಲ್ಲ, ಕಾಳು. ಯಾರೋ ಸುಲಿದು ಪ್ಲಾಸ್ಟಿಕ್ ಕವರಿಗೆ ತುಂಬಿ ಗಂಟು ಹಾಕಿ ಮಾರುವುದಕ್ಕಿಟ್ಟದ್ದು. ಅಡುಗೆಮನೆಯಲ್ಲಿ ಅವಳು ಗಂಟು ಬಿಚ್ಚಿದ ಕೂಡಲೇ ಆ ಸೊಗಡಿನ ವಾಸನೆ ಹಜಾರಕ್ಕೆ ಬಂತು. ಟಿವಿ ಮುಂದೆ ಕೂತಿದ್ದ ನಾನು ನನಗೇ ಗೊತ್ತಿಲ್ಲದೆ ಬೆರಳುಗಳನ್ನು ಮೂಗಿನ ಹತ್ತಿರ ಹಿಡಿದುಕೊಂಡೆ. ಬರೀ ಸೋಪಿನ ವಾಸನೆ. ಬೀಗಿತ್ತಿ ಇದ್ದಿದ್ದರೆ ಸುಲಿದ ಕಾಳು ತಂದಿದ್ದಕ್ಕೆ ಮಗಳಿಗೂ, ಸುಮ್ಮನೆ ಕೂತಿದ್ದಕ್ಕೆ ನನಗೂ ಒಟ್ಟಿಗೇ ಮಂಗಳಾರತಿ ಎತ್ತುತ್ತಿದ್ದಳು...

ಬೀಗಿತ್ತಿ ಅಂದರೆ ನನ್ನ ಮಗಳ ಅತ್ತೆ, ನನ್ನ ಅಳಿಯನ ತಾಯಿ. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ದೊಡ್ಡವಳು, ದನಿಯಲ್ಲಿ ತುಂಬಾ ದೊಡ್ಡವಳು. ಹಿತ್ತಲಲ್ಲಿ ನಿಂತು ಎಮ್ಮೆಯನ್ನು ಬೈದರೆ ಮೂರು ಮನೆಯಾಚೆ ಇರುವವರು ತಮಗೇ ಬೈದರೇನೋ ಅಂತ ಹೊರಗೆ ಬಂದು ನೋಡುತ್ತಿದ್ದರು.

ನಾವು ಗುಂಡ್ಲುಪೇಟೆ ಕಡೆಯವರು. ನಮ್ಮ ಮಾವನವರ ಕಾಲಕ್ಕೇ ಊಟಿ ಸೇರಿದ್ದೆವು. ಮಾರ್ಕೆಟ್ಟಿನ ಪಕ್ಕ ಸ್ವೆಟರು, ಮಫ್ಲರು, ಶಾಲು ಮಾರುವ ಪುಟ್ಟ ಅಂಗಡಿ. ಯಜಮಾನರು ಮಾರುವುದು, ನಾನು ಹೆಣೆಯುವುದು. ಇದ್ದವಳು ಒಬ್ಬಳೇ ಮಗಳು. ಮೈಸೂರಿನಲ್ಲಿ ಓದುವಾಗ ಮದ್ದೂರು ಕಡೆಯ ಹುಡುಗನನ್ನು ಮೆಚ್ಚಿಕೊಂಡಳು, ಎರಡೂ ಮನೆಯವರು ಕೂತು ಮಾತಾಡಿ ಮದುವೆ ಮಾಡಿದೆವು. ಯಜಮಾನರು ಹೋದ ಮೇಲೆ ಅಂಗಡಿ ಬಿಟ್ಟುಕೊಟ್ಟೆ. ಅದರ ಬೆನ್ನಿಗೇ ನನಗೆ ಉಬ್ಬಸ ಹಿಡಿಯಿತು. ಮಂಜು ಇಳಿದರೆ ಸಾಕು, ಎದೆಯೊಳಗೆ ಯಾರೋ ಕೂತು ಸಿಳ್ಳೆ ಹೊಡೆದ ಹಾಗೆ. ಡಾಕ್ಟರು ಮಗಳನ್ನು ಕರೆದು ನೇರವಾಗಿಯೇ ಹೇಳಿದರು, ‘ಇನ್ನೊಂದು ಚಳಿಗಾಲ ಇವರನ್ನು ಇಲ್ಲಿ ಇಡಬೇಡಿ. ಬೆಚ್ಚಗಿರುವ ಕಡೆ ಕರೆದುಕೊಂಡು ಹೋಗಿ.’

ಬೆಚ್ಚಗಿರುವ ಕಡೆ ಅಂದರೆ ಮಗಳ ಮನೆ. ಬೇರೆ ಯಾವ ಕಡೆ ಇತ್ತು ನನಗೆ? ಆದರೆ ಹೆಣ್ಣು ಕೊಟ್ಟ ಮನೆಯಲ್ಲಿ ಹೋಗಿ ಠಿಕಾಣಿ ಹೂಡುವುದು ಅಂದರೆ... ನಾನು ಮೊದಲೇ ಸ್ವಲ್ಪ ಬಿಗುಮಾನದವಳು. ಊಟಿಯ ಬಾಡಿಗೆ ಮನೆಯನ್ನು ಖಾಲಿ ಮಾಡಲಿಲ್ಲ, ಬೀಗ ಹಾಕಿಕೊಂಡು ಬಂದೆ. ಕೇಳಿದವರಿಗೆಲ್ಲ ‘ಸ್ವಲ್ಪ ಸುಧಾರಿಸಿಕೊಂಡು ಬಂದುಬಿಡ್ತೀನಿ’ ಅಂದೆ.

ಶಿವಪುರದಿಂದ ಒಳಕ್ಕೆ ಹೋದರೆ ನಾಲೆಯ ಪಕ್ಕದ ಊರು ಅದು. ಅಳಿಯ ಬೆಳಿಗ್ಗೆ ಬೈಕು ಹತ್ತಿ ಗೆಜ್ಜಲಗೆರೆಯ ಫ್ಯಾಕ್ಟರಿಗೆ ಹೋಗುತ್ತಿದ್ದ, ಮಗಳು ಬಸ್ಸು ಹಿಡಿದು ಮಂಡ್ಯಕ್ಕೆ. ಆಮೇಲೆ ಸಂಜೆಯವರೆಗೆ ಆ ದೊಡ್ಡ ಮನೆಯಲ್ಲಿ ನಾವಿಬ್ಬರೇ, ಇಬ್ಬರು ಬೀಗಿತ್ತಿಯರು.

ನಾನು ಬಂದಿಳಿದದ್ದು ಯುಗಾದಿ ಹತ್ತಿರವಿದ್ದಾಗ. ಅಬ್ಬಬ್ಬಾ, ಆ ಸೆಕೆ! ಬೆಳಿಗ್ಗೆ ಉಟ್ಟ ಸೀರೆ ಮಧ್ಯಾಹ್ನಕ್ಕೆ ಬೆನ್ನಿಗೆ ಅಂಟಿಕೊಳ್ಳುತ್ತಿತ್ತು. ಫ್ಯಾನು ಹಾಕಿದರೆ ಬಿಸಿಗಾಳಿ, ಕರೆಂಟು ಹೋದರೆ ಅದೂ ಇಲ್ಲ. ನನ್ನ ಟ್ರಂಕು ತೆರೆದಾಗ ಬೀಗಿತ್ತಿ ಬಗ್ಗಿ ನೋಡಿದಳು. ಮೇಲಿಂದ ಕೆಳಗಿನವರೆಗೂ ಸ್ವೆಟರುಗಳು.

‘ಇದ್ಯಾಕ್ರವ್ವ ಇವ್ನೆಲ್ಲಾ ಒತ್ಕಂಡ್ ಬಂದ್ರಿ? ಇಲ್ಲಿ ಎಮ್ಮೆಗೂ ಸೆಕೆ ಆಯ್ತದೆ ಕಣ್ರವ್ವ’ ಅಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ಆದರೆ ನಿಜ ಹೇಳಬೇಕಲ್ಲ, ವಾರ ಕಳೆಯುವುದರೊಳಗೆ ಎದೆಯ ಸಿಳ್ಳೆ ನಿಂತಿತ್ತು. ಅಂಗಳದಲ್ಲಿ ಮಂಚ ಹಾಕಿಕೊಂಡು ಮಲಗಿ ಬೆಳಗಿನ ತನಕ ನಿದ್ದೆ ಮಾಡಿದೆ. ಎಷ್ಟು ವರ್ಷವಾಗಿತ್ತೋ ಅಂಥ ನಿದ್ದೆ ಬಂದು.

ಉಸಿರು ಸರಿಹೋಯಿತು, ಉಳಿದದ್ದು ಯಾವುದೂ ಸರಿಹೋಗಲಿಲ್ಲ. ಬೀಗಿತ್ತಿ ನನ್ನನ್ನು ನೋಡಿಕೊಂಡ ರೀತಿಯೇ ಹಾಗಿತ್ತು. ತಪ್ಪು ತಿಳಿಯಬೇಡಿ, ಕೊರತೆ ಅಂತ ಒಂದು ದಿನವೂ ಮಾಡಲಿಲ್ಲ. ಮೊದಲ ತಟ್ಟೆ ನನಗೆ. ಮುದ್ದೆ ನನಗೆ ಇಳಿಯುವುದಿಲ್ಲ ಅಂತ ತಿಳಿದ ಮೇಲೆ ನನಗೊಬ್ಬಳಿಗೇ ಅನ್ನ. ಕೂರುವುದಕ್ಕೆ ಹಜಾರದಲ್ಲಿದ್ದ ಒಂದೇ ಒಳ್ಳೆಯ ಕುರ್ಚಿ. ನಾನು ಉಂಡ ತಟ್ಟೆಯನ್ನು ಎತ್ತಿದರೂ ಕೈಯಿಂದ ಕಿತ್ತುಕೊಂಡು, ‘ಬುಡಿ ಬೀಗಿತ್ತಮ್ಮ, ನೀವ್ ಕುಂತ್ಕಳಿ’ ಅನ್ನುತ್ತಿದ್ದಳು. ಆಕೆ ಇಡೀ ದಿನ ಹಾಲು ಕರೆದು, ಸಗಣಿ ಬಾಚಿ, ಬೇಯಿಸಿ, ಒಗೆದು ಓಡಾಡುವುದು. ನಾನು ಕುರ್ಚಿಯಲ್ಲಿ ಕೂತು ನೋಡುವುದು.

ಒಂದು ದಿನ ತಡೆಯಲಾರದೆ ಆಕೆಗಿಂತ ಮುಂಚೆ ಎದ್ದೆ. ಬಾಗಿಲು ಗುಡಿಸಿ, ಸಗಣಿನೀರು ಹಾಕಿ, ನಮ್ಮ ಕಡೆಯ ದೊಡ್ಡ ರಂಗೋಲಿಯನ್ನೇ ಬಿಟ್ಟೆ. ಬಹಳ ದಿನಗಳ ಮೇಲೆ ಬೆನ್ನು ಬಗ್ಗಿಸಿ ಮಾಡಿದ ಕೆಲಸ, ಖುಷಿಯೋ ಖುಷಿ. ಡೇರಿಗೆ ಹಾಲು ಹಾಕಲು ಹೊರಟಿದ್ದ ಹೆಂಗಸರು ನಿಂತು ನೋಡಿಕೊಂಡು ಹೋದರು. ಬೀಗಿತ್ತಿ ಎದ್ದು ಬಂದು ನೋಡಿದಳು. ಮುಖ ಕಪ್ಪಿಟ್ಟಿತು.

‘ಏನ್ ಕೆಲ್ಸ ಮಾಡ್ಬುಟ್ರಿ ನೀವು! ಬೀಗ್ತಿ ಕೈಲಿ ಬಾಗ್ಲು ಗುಡ್ಸವ್ಳೆ ಅಂತ ಊರೆಲ್ಲಾ ಆಡ್ಕಳಲ್ವಾ? ನನ್ ಮರ್ವಾದೆ ತೆಗುದ್ಬುಟ್ರಲ್ಲ!’

ಪೊರಕೆ ಕಿತ್ತುಕೊಂಡು ಒಳಗೆ ಹೋದಳು. ಆವತ್ತಿಡೀ ನನ್ನ ಜೊತೆ ಮಾತಾಡಲಿಲ್ಲ, ಊಟ ಮಾತ್ರ ಹೊತ್ತಿಗೆ ಸರಿಯಾಗಿ ಬಂತು. ನಾನು ಕೋಣೆಗೆ ಹೋಗಿ ಅತ್ತುಬಿಟ್ಟೆ. ಕೆಲಸ ಮಾಡಿದರೆ ಆಕೆಯ ಮಾನ ಹೋಗುತ್ತದೆ, ಮಾಡದಿದ್ದರೆ ನನ್ನದು ಹೋಗುತ್ತದೆ. ಇಂಥ ಮನೆಯಲ್ಲಿ ಎಷ್ಟು ದಿನ ಇರಲಿ? ಮಗಳಿಗೆ ಹೇಳಿದರೆ, ‘ಅಮ್ಮಾ, ಅತ್ತೆ ಇಷ್ಟು ಚೆನ್ನಾಗಿ ನೋಡ್ಕೊಳ್ತಾರೆ, ನಿಂಗೇನು ಕಷ್ಟ?’ ಅಂದಳು. ಪಾಪ, ಅವಳಿಗೇನು ಗೊತ್ತು.

ಮಳೆಗಾಲ ಕಳೆಯಿತು. ದೀಪಾವಳಿಯೂ ಕಳೆಯಿತು. ಕಬ್ಬು ಕಡಿಯುವುದು ಶುರುವಾಗಿ, ರಸ್ತೆಯ ತುಂಬ ಟ್ರ್ಯಾಕ್ಟರುಗಳು. ಆಗ ಬಂತು ಅವರೆಕಾಯಿ.

ಸಂಜೆ ಹೊತ್ತಿಗೆ ಜಗಲಿ ಮೇಲೆ ಗೋಣಿಚೀಲ ಸುರಿದುಕೊಂಡು ಬೀದಿಯ ಹೆಂಗಸರೆಲ್ಲ ಸುತ್ತ ಕೂರುತ್ತಿದ್ದರು. ಇವತ್ತು ಈ ಮನೆಯದು ಸುಲಿದರೆ ನಾಳೆ ಇನ್ನೊಬ್ಬರ ಮನೆಯದು. ನನಗೆ ಮಾತ್ರ ಅಲ್ಲೂ ಅದೇ ಕುರ್ಚಿ, ಕೈಯಲ್ಲಿ ಕಾಫಿ ಲೋಟ. ಎಲ್ಲರೂ ನೆಲದ ಮೇಲೆ, ನಾನೊಬ್ಬಳು ಎತ್ತರದಲ್ಲಿ, ನಾಟಕ ನೋಡಲು ಬಂದವಳ ಹಾಗೆ.

ಅವತ್ತು ಬೀಗಿತ್ತಿಯ ಓರಗಿತ್ತಿಯೂ ಬಂದಿದ್ದಳು, ಪಕ್ಕದ ಬೀದಿಯಲ್ಲೇ ಇರುವವಳು. ಮಾತು ಎಲ್ಲೆಲ್ಲೋ ಹೋಗಿ ನನ್ನ ಮೇಲೆ ಬಂತು. ಓರಗಿತ್ತಿ ಕಾಯಿ ಸುಲಿಯುತ್ತಲೇ, ನನ್ನ ಕಡೆ ನೋಡದೆ ಅಂದಳು:

‘ನಮ್ ಕಾಲ್ದಲ್ಲಿ ಎಣ್ ಎತ್ತೋರು ಮಗಳ್ ಮನೇಲಿ ಒಂದ್ ಲೋಟ ನೀರ್ ಕುಡ್ಯಕ್ಕೂ ಯೋಚ್ನೆ ಮಾಡೋರು. ಈಗ ಬುಡವ್ವ, ತಿಂಗ್ಳಾನ್‌ಗಟ್ಲೆ ಕುಂತ್ಕತಾರೆ. ಯಾವಾಗ್ ಓಯ್ತೀರಿ ಬೀಗ್ರೇ ಊರ್ಗೆ?’

‘ಈ ವಾರವೇ ಹೊರಡ್ತಿದ್ದೀನಿ’ ಅಂದುಬಿಟ್ಟೆ. ಹೊರಗೆ ಬಂದ ಮಾತನ್ನು ಮತ್ತೆ ಒಳಗೆ ಎಳೆದುಕೊಳ್ಳುವ ಹಾಗಿರಲಿಲ್ಲ. ಊಟಿಯಲ್ಲಿ ಆಗ ಹಿಮ ಬೀಳುವ ಕಾಲ. ಡಾಕ್ಟರ ಮಾತು ನೆನಪಿರಲಿಲ್ಲ ಅಂತಲ್ಲ, ಚೆನ್ನಾಗಿಯೇ ನೆನಪಿತ್ತು. ಹೋದರೆ ಹೋಗಲಿ ಜೀವ, ಇಂಥ ಮಾತು ಕೇಳಿಕೊಂಡು ಇರಲಾರೆ ಅನ್ನಿಸಿತು. ಬೀಗಿತ್ತಿ ಎದ್ದು ಒಳಗೆ ಹೋದಳು. ಸರಿ, ಈಕೆಗೂ ಇದೇ ಬೇಕಾಗಿತ್ತು ಅಂದುಕೊಂಡೆ.

ಅಷ್ಟರಲ್ಲಿ ಆಕೆ ಮೊರ ಹಿಡಿದುಕೊಂಡು ಹೊರಗೆ ಬಂದಳು. ಚೀಲದಿಂದ ಎರಡು ಕೈಯಲ್ಲೂ ಬಾಚಿ ಬಾಚಿ ಕಾಯಿ ತುಂಬಿದಳು. ನನ್ನ ಕೈಲಿದ್ದ ಲೋಟ ಕಿತ್ತು ಪಕ್ಕಕ್ಕಿಟ್ಟು, ತುಂಬಿದ ಮೊರವನ್ನು ಧೊಪ್ಪನೆ ನನ್ನ ತೊಡೆಯ ಮೇಲೆ ಹಾಕಿದಳು.

‘ಕಾಪಿ ಕುಡುದ್ದು ಸಾಕು. ಸುಲಿ.’

ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

‘ಏನಮ್ಮೀ ಅಂಗ್ ನೋಡ್ತೀಯ? ಈ ಮನೇಲಿ ಕುಂತ್ಕಂಡ್ ಉಣ್ಣೋರ್ ಯಾರೂ ಇಲ್ಲ. ಕತ್ತಲಾಗಗಂಟ ಇಷ್ಟೂ ಆಗ್ಬೇಕು.’ ಆಮೇಲೆ ಓರಗಿತ್ತಿಯ ಕಡೆ ತಿರುಗಿದಳು. ‘ಇವ್ಳು ಎಲ್ಲಿಗೂ ಓಗಲ್ಲ. ನಾಳಿಕ್ಕೆ ಇದ್ಕಬೇಳೆ ಇದುಕೋರು ಯಾರು? ನೀನ್ ಬಂದೀಯಾ?’

ಯಾರೋ ಕಿಸಕ್ಕನೆ ನಕ್ಕರು. ಓರಗಿತ್ತಿ ಮೂತಿ ತಿರುವಿದಳು. ನಾನು ಕುರ್ಚಿಯಿಂದ ಇಳಿದು ನೆಲದ ಮೇಲೆ ಅವರ ಮಧ್ಯೆ ಕೂತು ಸುಲಿಯಲು ಶುರುಮಾಡಿದೆ. ಕಣ್ಣು ತುಂಬಿಕೊಂಡು ಕಾಯಿಯ ನಾರು ಯಾವ ಕಡೆ ಇದೆ ಅಂತಲೇ ಕಾಣಿಸುತ್ತಿರಲಿಲ್ಲ. ‘ಉಳ ಬಿದ್ದಿರೋ ಕಾಳೆಲ್ಲಾ ಆಕ್ತಾವಳೆ, ನೋಡ್ಕಂಡ್ ಸುಲಿ’ ಅಂತ ಅದಕ್ಕೂ ಬೈಸಿಕೊಂಡೆ.

ಮಾರನೆಯ ದಿನ ನೆನೆದ ಕಾಳನ್ನು ಹಿದುಕಿ ಸಿಪ್ಪೆ ತೆಗೆಯುವಾಗ ನನ್ನ ಬೆರಳಿನಿಂದ ಒಂದು ಬೇಳೆ ಪುಳಕ್ಕನೆ ಹಾರಿ, ಗೋಡೆಯ ಮೇಲಿದ್ದ ಆಕೆಯ ಯಜಮಾನರ ಫೋಟೋಗೆ ಹೋಗಿ ಬಡಿಯಿತು. ನಾನು ನಾಲಿಗೆ ಕಚ್ಚಿಕೊಂಡೆ. ‘ಬುಡು, ಅವ್ರೂ ತಿನ್ಲಿ. ಇದ್ಕಬೇಳೆ ಅಂದ್ರೆ ಪ್ರಾಣ ಬುಡೋರು’ ಅಂದಳು ಬೀಗಿತ್ತಿ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ಮನೆಯಲ್ಲಿ ನಾನು ಜೋರಾಗಿ ನಕ್ಕದ್ದು ಅದೇ ಮೊದಲು.

ಆಮೇಲೆ ಏನು ಕೇಳುತ್ತೀರಿ! ಬೆಳಿಗ್ಗೆ ಎದ್ದರೆ ಒಂದಾದ ಮೇಲೊಂದು ಕೆಲಸ. ‘ಎಲ್ ಸತ್ತೋದ್ಯಮ್ಮಿ, ಆಲು ಉಕ್ತಾ ಅದೆ!’ ‘ಸಾರ್ಗೆ ಉಪ್ಪಾಕಿದ್ಯೋ ಗ್ಯಾನವಿಲ್ವೋ?’ ರಾಗಿ ಕೇರುವುದನ್ನು ಕಲಿಸಿದಳು, ಮುದ್ದೆ ತೊಳಸುವುದನ್ನು ಕಲಿಸಿದಳು, ನುಂಗುವುದನ್ನೂ ಕಲಿಸಿದಳು. ನಾನು ಕೂಡ ಸುಮ್ಮನಿರಲಿಲ್ಲ, ತಿರುಗಿಸಿ ಅನ್ನುತ್ತಿದ್ದೆ. ಬೈಗುಳದ ನಡುವೆಯೇ, ‘ಆ ಪುಸ್ಸು ತಕಂಡ್ಯಾ?’ ಅಂತ ಕೇಳುವುದನ್ನು ಒಂದು ದಿನವೂ ಮರೆಯಲಿಲ್ಲ. ಪುಸ್ಸು ಅಂದರೆ ನನ್ನ ಉಬ್ಬಸದ ಔಷಧಿಯ ಪಂಪು.

ಒಂದು ಮಧ್ಯಾಹ್ನ ನಾಲೆಯಲ್ಲಿ ಬಟ್ಟೆ ಒಗೆಯುವಾಗ ಕೇಳಿಯೇಬಿಟ್ಟೆ. ‘ಗುಡಿಸಿದ್ದಕ್ಕೆ ಆವತ್ತು ಅಷ್ಟು ರೇಗಿದ್ರಲ್ಲ, ಆಮೇಲೆ ನೀವೇ ಯಾಕೆ ಕೆಲಸ ಹೇಳಿದ್ರಿ?’

ಆಕೆ ಸೀರೆಯನ್ನು ಕಲ್ಲಿಗೆ ಬಡಿಯುತ್ತಲೇ ಹೇಳಿದಳು.

‘ನಮ್ಮವ್ವನೂ ಬಂದಿದ್ಲು ಕಣಮ್ಮಿ ಈ ಮನೆಗೆ. ನಮ್ಮಪ್ಪ ಸತ್ ಮ್ಯಾಕೆ. ಯಾರೂ ದಿಕ್ಕಿರ್ನಿಲ್ಲ. ನಾನು ಎಲ್ರೆದ್ರಿಗೆ ನಮ್ಮವ್ವ ಸಣ್ಣೋಳಾಗ್ಬಾರ್ದು ಅಂತವ ಕೂರ್ಸಿ ಕೂರ್ಸಿ ಇಕ್ದೆ. ಕುಂತ್ಕಳವ್ವ, ಕುಂತ್ಕಳವ್ವ... ಅಂದೆ. ಒಂದಿನ ಯೋಳ್ದೆ ಕೇಳ್ದೆ ಎದ್ದೋದ್ಲು. ಯಾರ್‍ದೋ ತ್ವಾಟ್ದಲ್ಲಿ ಕೂಲಿ ಮಾಡ್ಕಂಡೇ ಸತ್ಲು.’ ಸೀರೆ ಹಿಂಡಿ ಬುಟ್ಟಿಗೆ ಹಾಕಿದಳು. ‘ಓರ್ಗಿತ್ತಿ ಅಂಗಂದಾಗ ನಿನ್ ಮೊಕ ನೋಡ್ದೆ. ನಮ್ಮವ್ವನ್ ಮೊಕವೇ ಕಣ್ಣಿಗ್ ಬಂತು. ಅವತ್ತು ಅವ್ವುನ್ಗೆ ಒಂದ್ ಪೊರ್ಕೆ ಕೊಟ್ಟಿದ್ರೆ ಇರೋಳೋ ಏನೋ...’

ಬುಟ್ಟಿಯ ಒಂದು ಕಡೆ ಆಕೆ ಹಿಡಿದಳು, ಇನ್ನೊಂದು ಕಡೆ ನಾನು ಹಿಡಿದೆ, ಏರಿ ಮೇಲೆ ನಡೆದು ಮನೆಗೆ ಬಂದೆವು. ಆ ಬೇಸಿಗೆಯಲ್ಲೇ ಅಳಿಯನನ್ನು ಕಳಿಸಿ ಊಟಿಯ ಮನೆ ಖಾಲಿ ಮಾಡಿಸಿದೆ. ಪಾತ್ರೆಪಡಗವೆಲ್ಲ ಇಲ್ಲಿಯ ಅಡುಗೆಮನೆ ಸೇರಿತು. ‘ಇಷ್ಟೊಂದ್ ಸಣ್ ಪಾತ್ರೇಲಿ ಯಾರ್ಗವ್ವ ಬೇಯಿಸ್ತಿದ್ದೆ, ಗುಬ್ಬಚ್ಚಿಗಾ?’ ಅಂತ ಅದಕ್ಕೂ ನಕ್ಕಳು.

ಹೀಗೇ ಕೆಲವು ವರ್ಷ ಕಳೆದೆವು. ಕಳೆದ ಬೇಸಿಗೆಯಲ್ಲಿ ಆಕೆಗೆ ಕಾಯಿಲೆಯಾಯಿತು. ಕಲ್ಲಿನಂಥ ಹೆಂಗಸು, ಮಂಡ್ಯದ ಆಸ್ಪತ್ರೆಯ ಮಂಚದ ಮೇಲೆ ಮಗುವಿನಷ್ಟು ಜಾಗ ಹಿಡಿಯುತ್ತಿದ್ದಳು. ರಾತ್ರಿಗೆ ಮಗ ಸೊಸೆ ಇರುತ್ತಿದ್ದರು, ಹಗಲೆಲ್ಲ ನಾನು. ನರ್ಸಮ್ಮ ಒಬ್ಬಳು, ‘ಅಕ್ಕತಂಗೀರಾ ನೀವು?’ ಅಂತ ಕೇಳಿದಳು. ಬೀಗಿತ್ತಿಗೆ ಮಾತೇ ಹೊರಡದ ಸ್ಥಿತಿ, ಆದರೂ ಬಿಡಲಿಲ್ಲ. ‘ಅಲ್ಲ ಕಣವ್ವ, ಬೀಗ್ತಿ. ಒಂದ್ ಕೆಲ್ಸನೂ ನೆಟ್ಗ್ ಮಾಡಕ್ ಬರಾಕಿಲ್ಲ. ಆದ್ರೂ ಮನೇಲಿ ಮಡೀಕಂಡಿವ್ನಿ.’ ನರ್ಸಮ್ಮ ನಕ್ಕಳು. ನಾನು ಮುಖ ಆ ಕಡೆ ತಿರುಗಿಸಿಕೊಂಡೆ...

ಆಮೇಲೆ ಆಕೆ ಹೆಚ್ಚು ದಿನ ಇರಲಿಲ್ಲ.

ಈಗ ಮಗಳು ಮನೆಗೆಲಸಕ್ಕೆ ಒಬ್ಬ ಹೆಂಗಸನ್ನು ಗೊತ್ತುಮಾಡಿದ್ದಾಳೆ. ಎಮ್ಮೆಯನ್ನು ಕೊಟ್ಟುಬಿಟ್ಟರು. ಅಳಿಯ ಬಂಗಾರದಂಥ ಹುಡುಗ. ಅಮ್ಮ ಹೋದ ಮೇಲೆ ನನ್ನ ಮೇಲೆ ಇನ್ನೂ ಅಕ್ಕರೆ. ನಾನು ಲೋಟ ತೊಳೆಯಲು ಹೋದರೂ ಓಡಿಬಂದು, ‘ಅಯ್ಯೋ ಅತ್ತೆ, ನೀವ್ಯಾಕೆ? ಬುಡಿ’ ಅನ್ನುತ್ತಾನೆ. ಊಟಕ್ಕೆ ಮೊದಲ ತಟ್ಟೆ ಮತ್ತೆ ನನಗೇ ಬರುತ್ತದೆ. ಓರಗಿತ್ತಿ ಕೂಡ ಮೊನ್ನೆ ಬಂದು ನೋಡಿ, ‘ಪುಣ್ಯ ಮಾಡಿದ್ರಿ ಬೀಗ್ರೇ’ ಅಂದಳು. ಅವಳು ಈ ಸಲ ಕೊಂಕು ಮಾತೇನೂ ಆಡಲಿಲ್ಲ.

ನಿನ್ನೆ ಸಂಜೆ ಮಗಳು ಒಲೆ ಮುಂದೆ ಒಬ್ಬಳೇ ಒದ್ದಾಡುತ್ತಿದ್ದಳು. ಹತ್ತಿರ ಹೋಗಿ ನಿಂತೆ. ನಾಚಿಕೆ ಬಿಟ್ಟು ಕೇಳಿದೆ, ‘ನನಗೂ ಏನಾದ್ರೂ ಒಂದು ಕೆಲಸ ಹೇಳೇ.’

ಅವಳು ಸೆರಗಿನಿಂದ ಬೆವರು ಒರೆಸಿಕೊಂಡು, ನನ್ನ ಭುಜ ಹಿಡಿದು ಹಜಾರದವರೆಗೂ ಕರೆದುಕೊಂಡು ಬಂದಳು. ‘ಎಷ್ಟು ಅಂತ ದುಡೀತೀಯಮ್ಮಾ? ಇನ್ನಾದ್ರೂ ಸುಮ್ನೆ ಕೂತ್ಕೊ’ ಅಂದಳು. ಎಷ್ಟು ಪ್ರೀತಿಯಿಂದ ಅಂದಳು!

ಕೂತಿದ್ದೇನೆ.