ಗೋಣಿಯ ತೂತು

ನಮ್ಮ ಮನೆಯ ಹೊಸ್ತಿಲಲ್ಲಿ ಕಾಲೊರೆಸಲು ಹಾಸಿರುವುದು ಅಂಗಡಿಯ ಬಣ್ಣದ ಚಾಪೆಯಲ್ಲ ಮಾರಾಯರೆ, ಹಡಗು ಹತ್ತಿ ಬಂದ ಗೋಣಿ. ಬಂಗಾಳದಲ್ಲಿ ನೇಯಿಸಿಕೊಂಡು, ಆಫ್ರಿಕದಲ್ಲಿ ಗೇರುಬೀಜ ತುಂಬಿಸಿಕೊಂಡು, ಮಂಗಳೂರಿನ ಬಂದರಿನಲ್ಲಿ ಇಳಿದು, ನನ್ನ ಹೆಂಡತಿ ಸುಮತಿ ದುಡಿಯುವ ಬೀಜದ ಕಾರ್ಖಾನೆಯಲ್ಲಿ ಬರಿದಾಗಿ, ಕೊನೆಗೆ ಪಾಣೆಮಂಗಳೂರಿನ ನನ್ನ ಅಂಗಡಿಗೆ ಬಂದು ಬಿದ್ದದ್ದು. ಹರಿದ ಗೋಣಿ ಕೊಂಡು, ಹೊಲಿದು, ಮಾರುವುದು ನನ್ನ ಕಸುಬು. ಆರನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಆದರೆ ನಾನು ಮುಚ್ಚಿದ ತೂತಿನಿಂದ ಒಂದು ಕಾಳು ಕೆಳಗೆ ಬಿದ್ದದ್ದನ್ನು ಈ ಊರಿನಲ್ಲಿ ಯಾರೂ ಕಂಡಿಲ್ಲ.

ಮಗಳು ಶ್ರಾವ್ಯ ಮೆಲ್ಕಾರಿನಲ್ಲಿ ಕಾಲೇಜಿಗೆ ಹೋಗುತ್ತಾಳೆ. ಲೋಕದಲ್ಲಿ ಯಾರ ದುಡಿಮೆ ಯಾರ ಊಟವಾಗುತ್ತದೆ, ಅದರಲ್ಲಿ ನ್ಯಾಯವೆಷ್ಟು ಎಂಬುದನ್ನು ಮಕ್ಕಳು ಕಲಾಕೃತಿಯಲ್ಲಿ ತೋರಿಸಬೇಕೆಂದು ಅಲ್ಲಿ ಹೇಳಿದರಂತೆ. ಅವಳು ನನ್ನ ಅಂಗಡಿಯಿಂದ ಒಂದು ಗೋಣಿ ಆರಿಸಿ, ಮರದ ಚೌಕಟ್ಟಿಗೆ ಬಿಗಿದು, ಚಾವಡಿಯಲ್ಲಿ ಒರಗಿಸಿಟ್ಟಳು. ನಟ್ಟನಡುವೆ ಹಮಾಲರ ಕೊಕ್ಕೆ ಹರಿದ ಅಂಗೈಯಗಲದ ತೂತು. ಕಾಲೇಜಿಗೆ ಒಯ್ಯುವ ದಿನ ಬೆಳಿಗ್ಗೆ ಅದು ನನ್ನ ಕಣ್ಣಿಗೆ ಬಿತ್ತು. ನನ್ನ ಮನೆಯಿಂದ ಹರಿದ ಗೋಣಿ ನಾಲ್ಕು ಜನರೆದುರು ಹೋಗುವುದುಂಟೇ? ಚಹಾ ಆರುವುದರೊಳಗೆ ದಬ್ಬಣ ತೆಗೆದು ಹೊಲಿದುಬಿಟ್ಟೆ.

“ಅಪ್ಪಾ, ಎಂಥ ಮಾಡಿದ್ದು ನೀವು! ಆ ತೂತೇ ನನ್ನ ಚಿತ್ರ!” ಎಂದು ಶ್ರಾವ್ಯ ಕೂಗಿಕೊಂಡಳು.

“ತೂತು ಎಂಥ ಚಿತ್ರ ಮಾರಾಯ್ತಿ?”

“ಅದರ ಹಿಂದೆ ಅಮ್ಮನ ಕೈಯ ಚಿತ್ರ ಬರ್ತದೆ. ನೋಡುವವರು ಬಗ್ಗಿ ನೋಡ್ಬೇಕು.”

ಸುಮತಿ ಒಳಗಿನಿಂದಲೇ ನಕ್ಕಳು. “ಇವರ ಎದುರು ಬಾಯಿ ತೆರೆದು ಮಲಗ್ಲಿಕ್ಕಿಲ್ಲ ಮಗಾ, ಅದನ್ನೂ ಹೊಲಿದಾರು.”

ಸಂಜೆ ನಾನೂ ಸುಮತಿಯೂ ಕಾಲೇಜಿಗೆ ನೋಡಲು ಹೋದೆವು. ಮಗಳು ಹೊಲಿಗೆ ಬಿಚ್ಚಿ ತೂತನ್ನು ಮತ್ತೆ ತೂತಾಗಿಸಿದ್ದಳು. ಜನ ಒಬ್ಬೊಬ್ಬರಾಗಿ ಬಗ್ಗಿ, ಕಣ್ಣಿಟ್ಟು, ಗೇರುಬೀಜದ ಸುಡುವ ಸೊನೆಗೆ ಕಪ್ಪಾದ ಬೆರಳುಗಳ ಚಿತ್ರ ಕಂಡು ನೆಟ್ಟಗಾಗುತ್ತಿದ್ದರು. ಆಮೇಲೆ, ಇದೇ ಕೈ ಎಂದು ಮಗಳು ತೋರಿಸಿದ ಸುಮತಿಯ ಕಡೆ ತಿರುಗಿ ಕೈಮುಗಿಯುತ್ತಿದ್ದರು. ನನ್ನೆದೆಗೂ ಅದೇ ಸೊನೆ ತಾಗಿದ ಹಾಗೆ ಉರಿ. ಹೊಟ್ಟೆಕಿಚ್ಚು ಹೊರಗಿನವರ ಮೇಲಾದರೆ ಬಯ್ದು ಹಗುರಾಗಬಹುದು. ಮಗಳ ಮೇಲೆ, ಹೆಂಡತಿಯ ಮೇಲೆ ಬಂದರೆ ಎಲ್ಲಿ ಉಗುಳುವುದು, ನೀವೇ ಹೇಳಿ. ಜೀವಮಾನವಿಡೀ ತೂತು ಮುಚ್ಚಿದವನಿಗೆ ಯಾರೂ ಕೈ ತಟ್ಟಿದ್ದಿಲ್ಲ, ಒಂದೇ ಒಂದು ತೂತು ಬಿಟ್ಟುಕೊಟ್ಟವಳಿಗೆ ಸಭೆಯೇ ತಟ್ಟಿತು. ಗೋಣಿಗೆ ಕಥೆ ಉಂಟು, ಕೈಗೆ ಕಥೆ ಉಂಟು, ಹೊಲಿದವನ ಹೆಸರೇ ಇಲ್ಲ.

ತೂತಿನ ಅಂಚಿನಲ್ಲಿ ನನ್ನ ಹುರಿಯ ತುಂಡುಗಳು ಇನ್ನೂ ಜೋತಿದ್ದವು. ಮಾಷ್ಟ್ರೊಬ್ಬರು ಬೆರಳಿಟ್ಟು, “ಇದೆಂಥದು?” ಎಂದರು.

“ಅಪ್ಪನ ಹೊಲಿಗೆ ಸರ್. ಕತ್ತರಿಗೂ ಬಗ್ಗಲಿಲ್ಲ. ಪೂರ್ತಿ ತೆಗೀಲಿಕ್ಕೆ ಆಗ್ಲೇ ಇಲ್ಲ.”

ಅಷ್ಟೇ ಸಾಕಾಯಿತೆಂದರೆ ಸುಳ್ಳಾದೀತು. ಆದರೂ ಬೆನ್ನು ಸ್ವಲ್ಪ ನೆಟ್ಟಗಾಯಿತು.

ಮರುದಿನ ಹೊಸ್ತಿಲ ಗೋಣಿಯಲ್ಲೂ ಒಂದು ತೂತು ಕಂಡಿತು. ದಬ್ಬಣ ಹಿಡಿದು ಅದನ್ನೆತ್ತಿದವನು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಮೊದಲು ಕಣ್ಣಿಟ್ಟೆ. ಅಡುಗೆಮನೆಯ ಮೆಟ್ಟಿಲಲ್ಲಿ ಸುಮತಿ ಬೆರಳಿಗೆ ತೆಂಗಿನೆಣ್ಣೆ ತಿಕ್ಕಿ ಕಪ್ಪು ಬಿಡಿಸುತ್ತಿದ್ದಳು, ಅದು ಬಿಡುತ್ತಿರಲಿಲ್ಲ. ಇಷ್ಟು ವರ್ಷ ನನಗೆ ಅನ್ನ ಬಡಿಸಿದ ಕೈ. ಅದನ್ನೂ ಆ ಹುಡುಗಿ ನನಗಿಂತ ಮೊದಲು ನೋಡಿಬಿಟ್ಟಳಲ್ಲ ಎಂದು ಮತ್ತೆ ಉರಿಯಿತು. ತೂತನ್ನು ಹಾಗೆಯೇ ಬಿಟ್ಟು ಗೋಣಿಯನ್ನು ಹೊಸ್ತಿಲಿಗೆ ಹಾಸಿದೆ. ಕಾಲೊರೆಸಲು ಮಾತ್ರ ಮನಸ್ಸು ಬರಲಿಲ್ಲ.