ಉಪ್ಪಿಲ್ಲದ ಸಾರು

ಮೊನ್ನೆ ಇಲ್ಲೇ ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಪರಿಚಯದವರ ಮನೆಗೆ ಬಯಕೆ ಊಟಕ್ಕೆ ಹೋಗಿದ್ದೆ. ಬಸುರಿ ಹುಡುಗಿಯ ಎಲೆಗೆ ಮಾತ್ರ ಬೇರೆ ಪಾತ್ರೆಯಿಂದ ಸಾರು ಬಂತು. ಬಿ.ಪಿ. ಇದೆ, ಉಪ್ಪು ಹಾಕಿಲ್ಲ ಅಂದರು. ಅವಳ ಡಾಕ್ಟರೇ ಹೇಳಿರಬಹುದು, ನನಗೇನು ಗೊತ್ತು? ಆದರೂ ಮೈಯೆಲ್ಲ ಉರಿದುಹೋಯಿತು. ಹೋಳಿಗೆ ಬಿಟ್ಟು ಎದ್ದೆನೆಂದರೆ ನೀವೇ ಊಹಿಸಿ. ನಾನು ಹೋಳಿಗೆ ಬಿಡುವವಳಲ್ಲ.

ನನ್ನ ತಂಗಿಯ ಮಗಳು ಶ್ರೀಲತಾಳನ್ನು ಸೂರತ್‌ಗೆ ಕೊಟ್ಟಿದ್ದೇವೆ. ಉಡುಪಿ ಕಡೆಯವರು, ಹೋಟೆಲಿನ ಮನೆ. ಕೆಲವು ವರ್ಷಗಳ ಹಿಂದೆ, ಚೊಚ್ಚಲ ಬಸುರಿನ ನಾಲ್ಕನೇ ತಿಂಗಳಲ್ಲಿ ಅವಳಿಗೆ ಇದ್ದಕ್ಕಿದ್ದಂತೆ ತಲೆ ಸಿಡಿಯುವುದು, ಎ.ಸಿ.ಯಲ್ಲೂ ಬೆವರಿ ತೊಯ್ಯುವುದು, ಎದೆ ಡವಡವ ಹೊಡೆದುಕೊಳ್ಳುವುದು ಶುರುವಾಯಿತು. ಆಗ ನೋಡಿದರೆ ಬಿ.ಪಿ. ಇನ್ನೂರು. ಸ್ವಲ್ಪ ಹೊತ್ತಿಗೆ ಏನೂ ಆಗೇ ಇಲ್ಲವೆಂಬಂತೆ ಎಲ್ಲ ತಣ್ಣಗೆ. ಅಲ್ಲಿಯ ಡಾಕ್ಟರು ಅವಳತ್ತ ತಿರುಗಿಯೂ ನೋಡದೆ ಗಂಡನಿಗೆ ಹೇಳಿದರಂತೆ, ಟೆನ್ಷನ್, ಚೊಚ್ಚಲಲ್ಲವೇ ಎಂದು. ಅವಳ ಅತ್ತೆ ದೃಷ್ಟಿ ತೆಗೆದು, ಉಪ್ಪು ನಿಲ್ಲಿಸಿದರು. ಇಡೀ ಬೀದಿಗೆ ಸಾಂಬಾರು ಬಡಿಸುವ ಮನೆಯಲ್ಲಿ ಇವಳಿಗೆ ಸಪ್ಪೆ ಗಂಜಿ.

ಹಠ ಮಾಡಿ ಅಹಮದಾಬಾದಿನ ಬೋಪಾಲ್‌ನ ನಮ್ಮ ಮನೆಗೆ ಕರೆತಂದೆ. ಇಲ್ಲಿಯ ಡಾಕ್ಟರಮ್ಮ ಮೊದಲು ಕೇಳಿದ್ದು ಒಂದೇ: ತಲೆನೋವು, ಬೆವರು, ಎದೆಬಡಿತ ಮೂರೂ ಒಟ್ಟಿಗೇ ಬರುತ್ತವೆಯೇ? ಮೂತ್ರ ಪರೀಕ್ಷೆ, ಸ್ಕ್ಯಾನು ಎಲ್ಲ ಆಯಿತು. ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಯಲ್ಲಿ ಒಂದು ಗಡ್ಡೆ; ಅದು ರಕ್ತಕ್ಕೆ ಹಾರ್ಮೋನು ಸುರಿದಾಗಲೆಲ್ಲ ಈ ರಂಪ. ಐದನೇ ತಿಂಗಳು ದಾಟುವುದರೊಳಗೆ ತೆಗೆಯಬೇಕು, ಆಮೇಲೆ ಹೊಟ್ಟೆ ಬೆಳೆದು ಅಡ್ಡಬರುತ್ತದೆ. ಅದಕ್ಕೂ ಮೊದಲು ಬಿಗಿದ ರಕ್ತನಾಳ ಸಡಿಲಿಸುವ ಮಾತ್ರೆ. ಮಾತ್ರೆ ಹಿಡಿದ ಮೇಲೆ ನೀರು, ಉಪ್ಪು ಧಾರಾಳವಾಗಿ ಕೊಡಿ, ಇಲ್ಲದಿದ್ದರೆ ಸಡಿಲಾದ ನಾಳ ತುಂಬದೆ ಬಿ.ಪಿ. ಕುಸಿಯುತ್ತದೆ ಎಂದರು.

ಕೆಲವು ದಿನ ಕಳೆಯಿತು. ಒಂದು ಬೆಳಿಗ್ಗೆ ಹಾಸಿಗೆಯಿಂದ ಎದ್ದವಳು ಅಲ್ಲೇ ಕುಸಿದಳು. ಬಿ.ಪಿ. ಪಾತಾಳಕ್ಕೆ. ಹೀಗಾದರೆ ಆಪರೇಷನ್ ಮುಂದೆ ಹೋಗುತ್ತದೆ, ಮುಂದೆ ಹೋದರೆ ತಾಯಿಗೂ ಮಗುವಿಗೂ ಅಪಾಯ ಅಂದರು ಡಾಕ್ಟರಮ್ಮ. ನಾನು ಅಡುಗೆಮನೆಗೆ ಹೋಗಿ ಅವಳ ಸಾರು ನೆಕ್ಕಿ ನೋಡಿದೆ. ಸಪ್ಪೆ. ಸೊಸೆಯ ಆರೈಕೆಗೆಂದು ಸೂರತ್‌ನಿಂದ ಬಂದಿದ್ದ ಅತ್ತೆ ಅವಳ ಪಾಲಿಗೆ ಬೇರೆಯೇ ಕುದಿಸುತ್ತಿದ್ದರು.

"ಬಿ.ಪಿ.ಗೆ ಉಪ್ಪು ಹಾಕುದುಂಟಾ ಮಾರಾಯ್ರೆ? ಡಾಕ್ಟ್ರಿಗೆ ಬಾಯಿ ತಪ್ಪಿರ್ಬೇಕು" ಅಂದರು.

ನಾನು ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಬೀಗಿತ್ತಿ ಎಂಬುದನ್ನೂ ನೋಡಲಿಲ್ಲ. ಅವರು ಅಳತೊಡಗಿದರು. ಆಗ ಶ್ರೀಲತಾ ಮಲಗಿದಲ್ಲಿಂದಲೇ ಅಂದಳು:

"ಸಪ್ಪೆ ಅಂತ ದಿನಾ ಹೇಳ್ತಿದ್ದೆ, ಅತ್ತೆ. ಬಾಯಿರುಚಿ ಕೆಟ್ಟಿದೆ ಅಂದ್ರಿ. ತಲೆನೋವು ಅಂದೆ, ಟೆನ್ಷನ್ ಅಂದ್ರು. ಮೈ ನಂದು. ನನ್ನ ಮಾತು ಮಾತ್ರ ಯಾರಿಗೂ ಬೇಡ."

ಅಂದಿನಿಂದ ಅತ್ತೆ ಮಜ್ಜಿಗೆಗೆ ಉಪ್ಪು ಹಾಕಿ, ಸಾಕಾ ಎಂದು ಅವಳನ್ನೇ ಕೇಳಿ ಕೊಟ್ಟರು. ಗಡ್ಡೆ ಹೋಯಿತು, ಮಗು ಉಳಿಯಿತು. ಈಗ ನನ್ನೊಡನೆ ಗುಜರಾತಿಯಲ್ಲಿ ಜಗಳವಾಡುತ್ತದೆ. ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ಇಳಿಯುವುದೂ ಬೇಡ.

ಬಯಕೆ ಊಟದಿಂದ ಬಂದವಳೇ ಸೂರತ್‌ಗೆ ಫೋನು ಮಾಡಿದೆ. ಬೀಗಿತ್ತಿ ಎತ್ತಿಕೊಂಡರು. ಅವರ ಕಿರಿಯ ಸೊಸೆ ಈಗ ಬಸುರಿ, ಬೆಳಿಗ್ಗೆಯಿಂದ ತಲೆಸುತ್ತಂತೆ. ಹಿಂದಿನಿಂದ ಕಿರಿಯ ಮಗನ ದನಿ, ಏನಿಲ್ಲ ಅಮ್ಮ, ಟೆನ್ಷನ್ ಇರಬೇಕು ಅಂದಿತು. ನಾನು ಬಾಯಿ ತೆರೆಯುವ ಮೊದಲೇ ಬೀಗಿತ್ತಿ ಅತ್ತ ತಿರುಗಿ ಗದರಿದರು.

"ನೀನು ಸುಮ್ನಿರು. ಅವಳು ಹೇಳ್ಲಿ."